ಬೆನ್ನು ನೇರ, ಗದ್ದ ಕೆಳಗೆ

ಜನವರಿ ೧೨

ಪ್ರೀತಿಯ ಪಂಪಯ್ಯನಿಗೆ,

ಅಕ್ಕನ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಶುರುಮಾಡೋಣ ಎಂದುಕೊಂಡೆ, ಪೆನ್ನು ಒಪ್ಪಲಿಲ್ಲ. ಅರ್ಧ ಕ್ಷೇಮ ಎಂದು ಓದಿಕೋ. ನಿನ್ನ ಭಾವನನ್ನು ಮೊನ್ನೆ ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಪಾರ್ಶ್ವವಾಯು ಹೊಡೆದ ಬಲಗೈ, ಬಲಗಾಲು ಇನ್ನೂ ನಮ್ಮ ಮಾತು ಕೇಳುತ್ತಿಲ್ಲ. ಬಾಯಿ ಒಂದು ಪಕ್ಕಕ್ಕೆ ಜಗ್ಗಿಕೊಂಡಿದೆ. ಒಂದು ಕ್ಷೌರ ಮುಗಿಯುವುದರೊಳಗೆ ಮೂರು ಬೀದಿಯ ಸುದ್ದಿ ಹೇಳಿ ಮುಗಿಸುತ್ತಿದ್ದ ಮನುಷ್ಯ, ಈಗ ಒಂದು ಮಾತು ಹೊರಡಿಸುವಷ್ಟರಲ್ಲಿ ಬೆವರುತ್ತಾರೆ. ಮುಂದಿನ ಕೋಣೆಯ ಅಂಗಡಿಗೆ ಬಾಗಿಲು ಹಾಕಿದ್ದೇನೆ. ಹಳೆಯ ಗಿರಾಕಿಗಳು ಕಿಟಕಿಯಲ್ಲಿ ಇಣುಕುತ್ತಾರೆ, ನನ್ನ ಮುಖ ನೋಡಿ ಹೊರಟುಹೋಗುತ್ತಾರೆ.

ಕೈಕಾಲಿನ ಚಿಂತೆ ಆಮೇಲಿನದು. ಈಗಿನ ಚಿಂತೆ ಊಟ. ನುಣ್ಣಗೆ ಅರೆದ ಗಂಜಿ ಒಂದು ಬಟ್ಟಲು ಕೊಡುವುದರೊಳಗೆ ಗಂಜಿಯೂ ಆರಿರುತ್ತದೆ, ನಾನೂ ಸೋತಿರುತ್ತೇನೆ. ಎರಡು ಚಮಚ ಹೋಗುತ್ತದೆ, ಮೂರನೆಯದಕ್ಕೆ ಕೆಮ್ಮು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗುತ್ತದೆ, ಮೂಗಿನಿಂದ ನೀರು ಬರುತ್ತದೆ. ನೀರು ಕುಡಿಸಲು ಹೋದರೆ ಇನ್ನೂ ಕಷ್ಟ. ಈಗ ನಾನು ಬಟ್ಟಲು ಹಿಡಿದು ಕೋಣೆಗೆ ಬಂದರೆ ಸಾಕು, ಗೋಡೆಯ ಕಡೆಗೆ ಮುಖ ತಿರುಗಿಸುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಬಂದಿದ್ದಕ್ಕೆ ಅಡುಗೆಮನೆಗೆ ಹೋಗಿ ಅಳುತ್ತೇನೆ.

ಹೀಗೇ ತೂಕ ಇಳಿಯುತ್ತಾ ಹೋದರೆ ಊಟಕ್ಕೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಅದನ್ನು ಇವರು ಕೇಳಿಸಿಕೊಂಡು, 'ಬೇಡ' ಎಂದರು. ಕಾಯಿಲೆ ಬಿದ್ದ ಮೇಲೆ ಅವರು ಸ್ಪಷ್ಟವಾಗಿ ಆಡಿದ ಮೊದಲ ಮಾತು ಅದು. ಆ ನಳಿಕೆ ಬರದ ಹಾಗೆ ನೋಡಿಕೊಳ್ಳುವುದೇ ಈಗ ನನ್ನ ಉದ್ಯೋಗ. ನುಂಗುವುದನ್ನು ಹೇಳಿಕೊಡುವ ಮೇಡಂ ಒಬ್ಬರು ಆಸ್ಪತ್ರೆಯಲ್ಲಿ ಇದ್ದಾರಂತೆ, ರಜೆಯ ಮೇಲೆ ಹೋಗಿದ್ದಾರಂತೆ. ಬಂದ ಮೇಲೆ ಕರೆಯುತ್ತೇವೆ ಎಂದಿದ್ದಾರೆ. ನುಂಗುವುದನ್ನೂ ಹೇಳಿಕೊಡುವವರು ಇರುತ್ತಾರೆ ಎಂದು ನನಗೆ ಇಷ್ಟು ವಯಸ್ಸಾದ ಮೇಲೆ ಗೊತ್ತಾಯಿತು.

ನಿಮ್ಮ ಸುರಂಗದ ಕಡೆ ಫೋನು ಹತ್ತುವುದೇ ಇಲ್ಲ. ಈ ಕಾಗದವನ್ನು ನಿಮ್ಮ ಶಿಬಿರಕ್ಕೆ ಬರುವ ದಿನಸಿ ಲಾರಿಯ ಡ್ರೈವರಣ್ಣನ ಕೈಗೆ ಕೊಡುತ್ತೇನೆ. ರಜೆ ಸಿಕ್ಕರೆ ಬಾ.

ನಿನ್ನ ಅಕ್ಕ


ಜನವರಿ ೨೫

ಅಕ್ಕನಿಗೆ ನಮಸ್ಕಾರ, ಭಾವನಿಗೆ ಎರಡು ನಮಸ್ಕಾರ,

ನಿನ್ನ ಕಾಗದವನ್ನು ಪಂಪಿನ ಪಕ್ಕ ಕೂತೇ ಓದಿದೆ. ಅಳುವಂಥದ್ದೇನೂ ಇಲ್ಲ. ನೀನು ವಿಷಯವನ್ನು ಅಡುಗೆಯವಳ ಹಾಗೆ ನೋಡುತ್ತಿದ್ದೀಯ, ಮೆಕ್ಯಾನಿಕ್ಕಿನ ಹಾಗೆ ನೋಡು. ಭಾವನ ಗಂಟಲಿನ ಪಂಪು ಸೋತಿದೆ. ಪಂಪು ಸೋತರೆ ನಾವಿಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ. ಪೈಪನ್ನು ಇಳಿಜಾರು ಮಾಡುತ್ತೇವೆ. ಆಮೇಲೆ ನೀರಿಗೆ ಯಾರ ಹಂಗೂ ಬೇಡ, ತಾನಾಗಿ ಇಳಿದುಹೋಗುತ್ತದೆ.

ಇಳಿಜಾರು ಎಲ್ಲಿಂದ ತರಲಿ ಎನ್ನುತ್ತೀಯ. ನಿನ್ನ ಮುಂದಿನ ಕೋಣೆಯಲ್ಲೇ ಇದೆ. ಭಾವ ನನ್ನನ್ನು ಹತ್ತಿರಕ್ಕೂ ಸೇರಿಸದೆ ಕಾಪಾಡಿದ ಆ ದೊಡ್ಡ ಕುರ್ಚಿ. ಪೆಡಲು ಒತ್ತಿದರೆ ಏರುತ್ತದೆ, ಹಿಂದಿನ ಹಿಡಿಕೆ ಎಳೆದರೆ ಬೆನ್ನು ಒರಗುತ್ತದೆ, ತಲೆಗೆ ದಿಂಬು ಬೇರೆ. ಅವರನ್ನು ಅದರಲ್ಲಿ ಕೂರಿಸು. ಗಡ್ಡ ತೆಗೆಯುವಾಗ ಗಿರಾಕಿಯನ್ನು ಹೇಗೆ ಒರಗಿಸುತ್ತಿದ್ದರೋ ಹಾಗೆ ಒರಗಿಸು. ತಲೆ ಹಿಂದಕ್ಕೆ, ಗದ್ದ ಮೇಲಕ್ಕೆ. ಚಮಚ ಒಳಗಿಟ್ಟರೆ ಸಾಕು, ಉಳಿದದ್ದನ್ನು ಇಳಿಜಾರು ನೋಡಿಕೊಳ್ಳುತ್ತದೆ. ನಳಿಕೆಯೂ ಬೇಡ, ಮೇಡಮ್ಮೂ ಬೇಡ.

ಎಡಗಡೆ ಸುರಂಗಕ್ಕೆ ನೀರು ನುಗ್ಗಿದೆ. ಪಂಪಿನವನನ್ನು ಈಗ ಯಾರೂ ಬಿಡುವುದಿಲ್ಲ. ರಜೆಯ ಮಾತೆತ್ತಿದರೆ ಮ್ಯಾನೇಜರು ಕಿವುಡರಾಗುತ್ತಾರೆ. ಆದರೆ ನನ್ನ ತಲೆ ನಿಮ್ಮಲ್ಲೇ ಇದೆ ಎಂದು ತಿಳಿ. ಕುರ್ಚಿ ಹೇಗೆ ಕೆಲಸ ಮಾಡಿತು ಎಂದು ತಪ್ಪದೆ ಬರೆ.

ಇಂತಿ ನಿನ್ನ ಪಂಪಯ್ಯ


ಫೆಬ್ರವರಿ ೬

ಪಂಪಯ್ಯ,

ಇನ್ನು ಮೇಲೆ ನಿನ್ನ ತಲೆಯನ್ನು ಯಾರಾದರೂ ಹಳಿದರೆ ಅವರಿಗೂ ನನಗೂ ಆಗುವುದಿಲ್ಲ.

ಪಕ್ಕದ ಬೀಗ ರಿಪೇರಿಯವರೂ ಅವರ ಹೆಂಡತಿಯೂ ಬಂದು ಇವರನ್ನು ಎತ್ತಿ ಕುರ್ಚಿಗೆ ಕೂರಿಸಿದರು. ನಿನಗೊಂದು ವಿಷಯ ಗೊತ್ತೇ, ಇಷ್ಟು ವರ್ಷದಲ್ಲಿ ನಿನ್ನ ಭಾವ ಆ ಕುರ್ಚಿಯಲ್ಲಿ ಒಂದು ಸಲವೂ ಕೂತಿರಲಿಲ್ಲವಂತೆ. ಕೂತವರು ಕನ್ನಡಿಯಲ್ಲಿ ತಮ್ಮನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅರ್ಧ ಬಾಯಲ್ಲಿ ನಕ್ಕು, ತೊದಲಿಕೊಂಡು, ಈ ಗಿರಾಕಿಗೆ ಗಡ್ಡ ಬಹಳ ಬೆಳೆದಿದೆ ಎಂದರು. ಬೀಗದವರು ನಗಲಾರದೆ ಹೊರಗೆ ಹೋಗಿ ನಿಂತರು. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನೇ ಕೊರಳಿಗೆ ಕಟ್ಟಿದೆ. ಹಿಡಿಕೆ ಎಳೆದೆ, ಒರಗಿಸಿದೆ. ಅವರು ಎಲ್ಲರಿಗೂ ಮಾಡುತ್ತಿದ್ದ ಹಾಗೆಯೇ ಎರಡು ಬೆರಳಿನಲ್ಲಿ ಗದ್ದ ಎತ್ತಿ ಹಿಡಿದು ಚಮಚ ಇಟ್ಟೆ.

ಹೋಯಿತು ಕಣೋ. ಸರಾಗವಾಗಿ ಹೋಯಿತು. ಇಡೀ ಬಟ್ಟಲು ಖಾಲಿ. ಕೆಮ್ಮು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬಂದು ಈಗ ಪೂರ್ತಿ ನಿಂತೇಹೋಗಿದೆ. ಸೂಪು ಕೊಡುತ್ತೇನೆ, ಹಾಲು ಕೊಡುತ್ತೇನೆ, ಹಿಸುಕಿದ ಬಾಳೆಹಣ್ಣು ಕೊಡುತ್ತೇನೆ. ಮೊನ್ನೆ ಚಹಾ ಕೇಳಿದರು, ಅದನ್ನೂ ಕೊಟ್ಟೆ, ಕಣ್ಣು ಮುಚ್ಚಿಕೊಂಡು ಕುಡಿದರು. ಈಗ ಊಟದ ಹೊತ್ತಾಯಿತೆಂದರೆ ನನಗೆ ಭಯವಿಲ್ಲ. ನಿನ್ನೆ ಅವರಿಗೆ ಕೊಡುತ್ತಾ ಹಾಡು ಗುನುಗುತ್ತಿದ್ದೆನಂತೆ, ಬೀಗದವರ ಹೆಂಡತಿ ಹೇಳಿ ನಕ್ಕಳು.

ಆಸ್ಪತ್ರೆಯಿಂದ ಆ ಮೇಡಂ ಬಂದಿದ್ದಾರೆ ಎಂದು ಫೋನು ಬಂದಿತ್ತು. ಈಗೇನೂ ಅವಸರವಿಲ್ಲ, ಚೆನ್ನಾಗಿ ತಿನ್ನುತ್ತಿದ್ದಾರೆ ಎಂದುಬಿಟ್ಟೆ. ಅಷ್ಟು ದೂರ ಇವರನ್ನು ಎತ್ತಿಕೊಂಡು ಹೋಗುವುದು ಯಾರು.

ನಿನ್ನ ಅಕ್ಕ


ಫೆಬ್ರವರಿ ೧೯

ಅಕ್ಕಾ,

ನಿನ್ನ ಕಾಗದವನ್ನು ಇಡೀ ಶಿಬಿರಕ್ಕೆ ಓದಿ ಹೇಳಿದೆ. ಇಲ್ಲಿ ನನ್ನನ್ನು ಡಾಕ್ಟರೇ ಎಂದು ಕರೆಯಲು ಶುರುಮಾಡಿದ್ದಾರೆ. ವೆಲ್ಡರು ಬಂದು ತನ್ನ ಸೊಂಟನೋವಿಗೆ ಪರಿಹಾರ ಕೇಳಿದ, ಇಳಿಜಾರು ಮಾಡಿಕೋ ಎಂದೆ.

ಒಂದು ಸುಧಾರಣೆ ತೋಚಿದೆ. ಆ ಕುರ್ಚಿಯ ತಲೆದಿಂಬು ಗಟ್ಟಿ. ಪಂಪಿಗೆ ಹಾಕುವ ಮೆತ್ತನೆಯ ರಬ್ಬರು ಇಲ್ಲಿ ಬೇಕಾದಷ್ಟು ಬಿದ್ದಿದೆ. ಅದರಲ್ಲಿ ಕತ್ತಿನ ಕೆಳಗೆ ಇಡುವ ಒಂದು ಬೆಣೆ ಮಾಡುತ್ತಿದ್ದೇನೆ. ಅದನ್ನಿಟ್ಟರೆ ತಲೆ ಇನ್ನೂ ಚೆನ್ನಾಗಿ ಹಿಂದಕ್ಕೆ ಬಾಗುತ್ತದೆ, ನಿನಗೆ ಗದ್ದ ಎತ್ತಿ ಹಿಡಿಯುವ ಶ್ರಮವೂ ತಪ್ಪುತ್ತದೆ. ಅಂಚು ಚುಚ್ಚಬಾರದೆಂದು ಉಜ್ಜಿ ಉಜ್ಜಿ ನನ್ನ ಹೆಬ್ಬೆರಳು ಸವೆದಿದೆ. ನನ್ನ ಮೊದಲ ಮೀಸೆಯನ್ನು ಒಂದು ಗೀರೂ ಬೀಳದ ಹಾಗೆ ತೆಗೆದವರಿಗೆ ಇಷ್ಟೂ ಮಾಡದಿದ್ದರೆ ಹೇಗೆ. ಮುಂದಿನ ಲಾರಿಗೆ ಕಳಿಸುತ್ತೇನೆ.

ರಜೆಯ ವಿಷಯ ಇನ್ನೊಂದು ತಿಂಗಳು ಹೋಗಲಿ. ನೀವಿಬ್ಬರೂ ಈಗ ಸುಖವಾಗಿ ಇದ್ದೀರಲ್ಲ.

ಡಾಕ್ಟರ್ ಪಂಪಯ್ಯ


ಮಾರ್ಚ್ ೧೮

ಅಕ್ಕಾ,

ಲಾರಿ ಮೂರು ಸಲ ಬಂದು ಹೋಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಭಾವನಿಗೆ ಮೈ ಬಂದು ಅವರನ್ನು ಎತ್ತಿ ಕೂರಿಸುವುದರಲ್ಲೇ ನಿನ್ನ ದಿನ ಮುಗಿಯುತ್ತಿರಬೇಕು. ಪುರುಸೊತ್ತಾದಾಗ ಈ ಬಡ ತಮ್ಮನನ್ನೂ ನೆನೆಸಿಕೋ. ಬೆಣೆ ಬಂತೇ, ಸರಿಯಾಗಿ ಕೂತಿತೇ ಎಂದಷ್ಟಾದರೂ ಬರೆ.

ಪಂಪಯ್ಯ


ಮಾರ್ಚ್ ೩೦

ತಮ್ಮನಿಗೆ,

ನಿನ್ನ ಪೊಟ್ಟಣ ಬಂತು. ರಬ್ಬರು ತುಂಬ ಮೆತ್ತಗಿದೆ. ಬಹಳ ಶ್ರಮಪಟ್ಟು ಮಾಡಿದ್ದೀಯ. ಇವರ ಕೈಗೆ ಕೊಟ್ಟೆ, ಎಡಗೈಯಿಂದ ಸವರಿ ನೋಡಿದರು.

ಇವರಿಗೆ ನಡುವೆ ಸ್ವಲ್ಪ ಶೀತವಾಗಿತ್ತು, ಅದಕ್ಕೇ ಬರೆಯಲಾಗಲಿಲ್ಲ. ಈಗ ಪರವಾಗಿಲ್ಲ. ಅಂಗಡಿಯ ಕೋಣೆಯಲ್ಲಿ ಗಾಳಿ ಜಾಸ್ತಿ ಎಂದು ಸದ್ಯಕ್ಕೆ ಒಳಗಿನ ಮರದ ಕುರ್ಚಿಯಲ್ಲೇ ಕೂರಿಸಿ ಊಟ ಮಾಡಿಸುತ್ತಿದ್ದೇನೆ. ಕೈಗೆ ಸಿಕ್ಕ ಚೂರು ಕಾಗದದಲ್ಲಿ ಬರೆಯುತ್ತಿದ್ದೇನೆ, ಇಷ್ಟೇ ಜಾಗ. ನೀನು ಹುಷಾರಾಗಿ ಕೆಲಸ ಮಾಡು. ನಮ್ಮ ಚಿಂತೆ ಬೇಡ.

ಅಕ್ಕ


ಏಪ್ರಿಲ್ ೧೧

ಅಕ್ಕಾ,

ನಿನ್ನ ಚೂರು ಕಾಗದ ಸಿಕ್ಕಿತು. ನಿಜ ಹೇಳಬೇಕೆಂದರೆ ಬೇಜಾರಾಯಿತು. ಗಾಳಿ ಜಾಸ್ತಿಯಾದರೆ ಕಿಟಕಿ ಹಾಕಬಹುದಿತ್ತು. ಕೆಲಸ ಮಾಡುತ್ತಿರುವ ಯಂತ್ರವನ್ನು ಬಿಚ್ಚಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ. ಮರದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರೆ ಮತ್ತೆ ಕೆಮ್ಮು ಶುರುವಾಗುತ್ತದೆ, ನೋಡುತ್ತಿರು. ಅಥವಾ ನನ್ನ ಉಪಾಯ ಎಂಬ ಕಾರಣಕ್ಕೇ ಅದು ಮೂಲೆ ಸೇರಿತೋ ಏನೋ. ಚಿಕ್ಕಂದಿನಿಂದಲೂ ನೀನು ಹಾಗೇ.

ಇರಲಿ. ನೀನು ಬೆಲೆ ಕೊಡದಿದ್ದರೂ ಬೇರೆಯವರು ಕೊಡುತ್ತಾರೆ. ಇಲ್ಲಿಯ ಅಡುಗೆಯವನ ತಾಯಿಗೂ ಭಾವನಿಗೆ ಆದದ್ದೇ ಆಗಿದೆ. ನುಂಗಲಾಗದೆ ಸೊರಗಿಹೋಗಿದ್ದಾರಂತೆ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಹಲಗೆ, ದಿಂಬು ಸೇರಿಸಿ ಅಂಥದ್ದೇ ಇಳಿಜಾರು ಮಾಡುವುದು ಹೇಗೆ ಎಂದು ಚಿತ್ರ ಬರೆದುಕೊಟ್ಟಿದ್ದೇನೆ. ಪಾಪ, ಅವನು ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಇನ್ನೊಂದು ವಾರದಲ್ಲಿ ರಜೆಯ ಮೇಲೆ ಊರಿಗೆ ಹೊರಡುತ್ತಾನೆ.

ಪಂಪಯ್ಯ


ಏಪ್ರಿಲ್ ೧೬

ತಮ್ಮಾ,

ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಆ ಅಡುಗೆಯವನನ್ನು ತಡೆ. ಅವನ ತಾಯಿಯನ್ನು ಒರಗಿಸಬಾರದು, ತಲೆ ಹಿಂದಕ್ಕೆ ಬಾಗಿಸಬಾರದು ಎಂದು ಹೇಳು. ಉಳಿದದ್ದನ್ನು ಆಮೇಲೆ ಓದು.

ಶೀತ ಎಂದು ಬರೆದದ್ದು ಸುಳ್ಳು. ಮಾರ್ಚ್ ಮೊದಲ ವಾರ ಇವರಿಗೆ ಜ್ವರ ಬಂತು. ಎದೆ ಗೊರಗೊರ ಎನ್ನತೊಡಗಿತು, ಉಗುರು ನೀಲಿಯಾಯಿತು. ಆಂಬುಲೆನ್ಸಿನಲ್ಲಿ ಕರೆದೊಯ್ದೆವು. ನ್ಯುಮೋನಿಯಾ ಎಂದರು. ತಿಂದದ್ದು, ಕುಡಿದದ್ದು ಹೊಟ್ಟೆಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಶ್ವಾಸಕೋಶಕ್ಕೆ ಇಳಿದಿತ್ತು. ಮಾರ್ಚ್ ಪೂರ್ತಿ ಆಸ್ಪತ್ರೆಯಲ್ಲೇ ಇದ್ದೆವು. ಆ ಚೂರು ಕಾಗದ ಬರೆದದ್ದು ಅಲ್ಲಿಯ ಬೆಂಚಿನ ಮೇಲೆ ಕೂತು, ಔಷಧಿ ಅಂಗಡಿಯ ಚೀಲ ಹರಿದು. ಅವರಿಗೆ ಆಗ ಮೂಗಿನಲ್ಲಿ ನಳಿಕೆ ಇತ್ತು. ಮನೆಗೆ ಬಂದು ಒಂದು ವಾರವಾಯಿತು.

ನುಂಗುವ ಪಾಠದ ಮೇಡಂ ಬಂದು, ಮನೆಯಲ್ಲಿ ಹೇಗೆ ಊಟ ಮಾಡಿಸುತ್ತಿದ್ದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಎರಡು ಬೆರಳಿನಲ್ಲಿ ಗದ್ದ ಎತ್ತಿ ತೋರಿಸಿದೆ. ಕೆಮ್ಮು ಪೂರ್ತಿ ನಿಂತಿತ್ತು ಮೇಡಂ, ಮತ್ತೆ ಯಾಕೆ ಹೀಗಾಯಿತು ಎಂದೆ. ಆಕೆ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಅಮ್ಮಾ, ಕೆಮ್ಮು ಅವರನ್ನ ಕಾಯ್ತಾ ಇತ್ತು. ಅದು ನಿಂತಿದ್ದು ಗಂಟಲು ಸರಿಹೋಯ್ತು ಅಂತಲ್ಲ, ಗಂಟಲಿಗೆ ಗೊತ್ತಾಗೋದೇ ನಿಂತುಹೋಯ್ತು ಅಂತ" ಎಂದರು.

ನಿನ್ನ ಪಂಪಿಗೆ ಒಂದೇ ಪೈಪು. ಮನುಷ್ಯನ ಗಂಟಲಲ್ಲಿ ಎರಡಿವೆ, ಒಂದು ಅನ್ನಕ್ಕೆ, ಒಂದು ಉಸಿರಿಗೆ. ತಲೆ ಹಿಂದಕ್ಕೆ ಬಾಗಿದರೆ ಉಸಿರಿನದು ಬಾಯಿ ತೆರೆದುಕೊಂಡು ನಿಲ್ಲುತ್ತದಂತೆ. ನಾವು ಇಳಿಜಾರು ಮಾಡಿದ್ದು ಅದಕ್ಕೆ. ಅವರು ಕಣ್ಣು ಮುಚ್ಚಿಕೊಂಡು ಚಹಾ ಕುಡಿದರು ಎಂದು ಬರೆದಿದ್ದೆನಲ್ಲ, ಆ ಚಹಾ ಎಲ್ಲಿಗೆ ಹೋಯಿತೋ ಎಂದು ಈಗ ಯೋಚಿಸುತ್ತೇನೆ.

ನಿನಗೆ ಹೇಳಬಾರದೆಂದೇ ಇದ್ದೆ. ನೆಲದೊಳಗೆ ತಿರುಗುವ ಯಂತ್ರದ ಪಕ್ಕ ನಿಂತು ಕೆಲಸ ಮಾಡುವವನು ನೀನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೈ ತಪ್ಪಿದರೆ ನಾನು ಯಾರಿಗೆ ಅಂತ ಅಳಲಿ. ಹೇಳಿದವನು ನೀನಾದರೂ ಹಿಡಿಕೆ ಎಳೆದವಳು ನಾನು. ಮೇಡಂ ಕರೆದಾಗ ಬರುವುದಿಲ್ಲ ಎಂದವಳೂ ನಾನೇ. ಆದರೆ ನಿನ್ನ ಮನಸ್ಸು ಕಾಯಲು ಹೋಗಿ ಇನ್ನೊಬ್ಬರ ತಾಯಿಯ ಎದೆಗೆ ಗಂಜಿ ತುಂಬಿಸುತ್ತಿದ್ದೇನೆ ಎಂದು ನನಗೆ ತೋಚಲೇ ಇಲ್ಲ.

ಇನ್ನೊಂದು ವಿಷಯ. ನಿನ್ನ ರಜೆ ಫೆಬ್ರವರಿಯಲ್ಲೇ ಮಂಜೂರಾಗಿತ್ತಂತೆ, ನೀನೇ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟೆಯಂತೆ. ಡ್ರೈವರಣ್ಣ ಒಳ್ಳೆಯ ಮಾತಾಗಿಯೇ ಹೇಳಿದ, ನಿಮ್ಮ ತಮ್ಮ ಬಹಳ ಉದಾರಿ ಎಂದು. ಯಾಕೆ ಎಂದು ನಾನು ಕೇಳುವುದಿಲ್ಲ. ಮೊದಲು ಆ ಅಡುಗೆಯವನನ್ನು ಹಿಡಿ.

ಅಕ್ಕ


ಏಪ್ರಿಲ್ ೨೧

ಅಕ್ಕಾ,

ಕಾಗದ ಬರುವಷ್ಟರಲ್ಲಿ ಅಡುಗೆಯವನು ಹೊರಟುಹೋಗಿದ್ದ. ಅದೇ ಲಾರಿ ಹತ್ತಿ, ಫೋನು ಸಿಗುವ ಪೇಟೆಯವರೆಗೆ ಹೋದೆ. ಬಹಳ ಹೊತ್ತು ಹತ್ತಲಿಲ್ಲ. ಹತ್ತಿದಾಗ ಅವನು ನನ್ನ ದನಿ ಕೇಳಿದ್ದೇ ಖುಷಿಯಾಗಿ, "ಅಣ್ಣಾ, ನೀವು ಹೇಳ್ದಂಗೇ ಮಾಡಿದ್ವಿ. ಅಮ್ಮ ಹೊಟ್ಟೆ ತುಂಬ ತಿಂದ್ರು" ಎಂದ.

ಅಲ್ಲಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೂತೇ ಎಲ್ಲ ಹೇಳಿದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ, ತಮಾಷೆ ಎಂದುಕೊಂಡ. ಅರ್ಥವಾದದ್ದೇ ತಾಯಿಯನ್ನು ಎಬ್ಬಿಸಲು ಒಳಗೆ ಕೂಗಿದ. ಈಗ ಆಕೆಯನ್ನು ನೆಟ್ಟಗೆ ಕೂರಿಸಿದ್ದಾರೆ, ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಸದ್ಯಕ್ಕೆ ಜ್ವರ ಇಲ್ಲವಂತೆ. ಮುಂದೆ ಏನೆಂದು ಯಾರಿಗೂ ಗೊತ್ತಿಲ್ಲ.

ರಜೆಯ ವಿಷಯ ನಿಜ. ಡಿಸೆಂಬರಿನಲ್ಲಿ ಆಸ್ಪತ್ರೆಗೆ ಬಂದಿದ್ದೆನಲ್ಲ, ಒಂದು ಸಲ ನೀನು ನನ್ನ ಕೈಗೆ ಚಮಚ ಕೊಟ್ಟು ಔಷಧಿ ತರಲು ಕೆಳಗೆ ಹೋದೆ. ಭಾವ ನನ್ನ ಮುಂದೆ ಬಾಯಿ ತೆರೆದರು. ನನ್ನ ಕೈ ಏಳಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ತಾವೇ ಬಾಯಿ ಮುಚ್ಚಿಕೊಂಡು, ನನಗೆ ಮುಜುಗರವಾಗದಿರಲಿ ಎಂದು ಕಿಟಕಿಯ ಕಡೆ ನೋಡಿದರು. ಮತ್ತೆ ಆ ಕೋಣೆಗೆ ಬರುವ ಧೈರ್ಯ ನನಗಿಲ್ಲ. ದೂರದಿಂದ ಉಪಾಯ ಹೇಳುವುದು ಸುಲಭವಾಗಿತ್ತು. ಭಾವನಿಗೆ ಏನೆಂದು ಬರೆಯಲಿ, ನನಗೆ ತಿಳಿಯುವುದಿಲ್ಲ. ಇನ್ನು ನಾನು ಏನೂ ಹೇಳುವುದಿಲ್ಲ. ಏನು ಮಾಡಲಿ ಎಂದು ನೀನೇ ಹೇಳು.

ನಿನ್ನ ತಮ್ಮ


ಮೇ ೧೨

ಅಕ್ಕಾ,

ಅಡುಗೆಯವನು ವಾಪಸು ಬಂದ. ಅವನ ತಾಯಿಗೆ ಎರಡು ದಿನ ಜ್ವರ ಬಂದು ಬಿಟ್ಟಿತಂತೆ, ಈಗ ಹೆದರಿಕೆಯಿಲ್ಲವಂತೆ. ಅವನು ನನ್ನನ್ನು ಬೈಯಲಿಲ್ಲ. ಮೊದಲಿನ ಹಾಗೆಯೇ ತಟ್ಟೆಗೆ ಬಡಿಸುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ಇಲ್ಲಿ ಯಾರೂ ಈಗ ನನ್ನನ್ನು ಡಾಕ್ಟರೇ ಎನ್ನುವುದಿಲ್ಲ.

ನೀನು ಬರೆದಿಲ್ಲ. ಈ ಸಲ ನಾನು ಏನನ್ನೂ ಊಹಿಸಿಕೊಳ್ಳುತ್ತಿಲ್ಲ. ಭಾವ ತಿನ್ನುತ್ತಿದ್ದಾರೆಯೇ ಎಂದಷ್ಟು ಬರೆ.

ನಿನ್ನ ತಮ್ಮ


ಮೇ ೨೮

ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡೂ ಕಾಗದ ಬಂದಿವೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಕೂತು ಓದು.

ಏಪ್ರಿಲಿನಲ್ಲಿ ಮನೆಗೆ ಬಂದಾಗಿನಿಂದ ಮೇಡಂ ಹೇಳಿದ ಹಾಗೆಯೇ ಊಟ ಮಾಡಿಸಿದೆ. ಮರದ ಕುರ್ಚಿ, ಬೆನ್ನು ನೇರ, ಗದ್ದ ಕೆಳಗೆ. ನಾನು ಅವರಿಗಿಂತ ತಗ್ಗಿನ ಸ್ಟೂಲಿನಲ್ಲಿ ಕೂರಬೇಕು, ನಿಂತು ಕೊಟ್ಟರೆ ಅವರ ತಲೆ ಮೇಲೇಳುತ್ತದೆ. ಚಹಾದ ಚಮಚದಲ್ಲಿ ಅರ್ಧ. ನೀರಿಗೂ ಪುಡಿ ಬೆರೆಸಿ ಗಟ್ಟಿ ಮಾಡಬೇಕು, ಅದು ಅಂಟಿನ ಹಾಗಿರುತ್ತದೆ, ಅವರಿಗೆ ಕಂಡರಾಗದು. ರೇಡಿಯೋ ಬೇಡ, ಮಾತು ಬೇಡ, ನಗಿಸಬಾರದು. ನುಂಗಿದ ಮೇಲೆ ಇನ್ನೊಮ್ಮೆ ನುಂಗಿಸಬೇಕು. ಬಲಗಡೆ ಕೆನ್ನೆಯಲ್ಲಿ ಉಳಿದಿದೆಯೇ ಎಂದು ಬೆರಳು ಹಾಕಿ ನೋಡಬೇಕು, ಆ ಕಡೆ ಇರುವುದು ಅವರಿಗೆ ಗೊತ್ತಾಗುವುದಿಲ್ಲ. ಊಟವಾದ ಮೇಲೆ ಮಲಗಿಸದೆ ಕೂರಿಸಿರಬೇಕು. ಎಲ್ಲವನ್ನೂ ಮಾಡಿದೆ, ಒಂದನ್ನೂ ಬಿಡಲಿಲ್ಲ. ಮೇಡಂ ಮನೆಗೇ ಬಂದು ನೋಡಿ, ಇದಕ್ಕಿಂತ ಚೆನ್ನಾಗಿ ಯಾರೂ ಮಾಡಲಾರರು ಎಂದರು. ಆ ಮಾತು ಕೇಳಿ ನನಗೆ ಭಯವಾಯಿತು. ತಪ್ಪು ಮಾಡುತ್ತಿದ್ದರೆ ತಿದ್ದಿಕೊಳ್ಳಬಹುದಿತ್ತು.

ಏಕೆಂದರೆ ಎಲ್ಲ ಸರಿಯಾಗಿ ಮಾಡಿದರೂ ಅವರು ಇಳಿಯುತ್ತಲೇ ಹೋದರು. ಎಂಟು ಹತ್ತು ಅರ್ಧ ಚಮಚಕ್ಕೆ ಸುಸ್ತಾಗಿ ಬಾಯಲ್ಲಿ ತುತ್ತಿಟ್ಟುಕೊಂಡೇ ತೂಕಡಿಸುತ್ತಿದ್ದರು. ಒಂದು ಊಟ ಮುಗಿಯುವ ಹೊತ್ತಿಗೆ ಇನ್ನೊಂದರ ಹೊತ್ತಾಗಿರುತ್ತಿತ್ತು. ಮೇ ಎರಡನೆಯ ವಾರ ಮತ್ತೆ ಜ್ವರ ಬಂತು. ಈ ಸಲ ಕುರ್ಚಿಯೂ ಕಾರಣವಲ್ಲ, ನೀನೂ ಅಲ್ಲ, ನಾನೂ ಅಲ್ಲ. ಎಂಜಲು ನುಂಗುವಾಗಲೇ ತಪ್ಪು ದಾರಿಗೆ ಹೋಗುತ್ತಿದೆಯಂತೆ. ಯಾರನ್ನು ಬೈಯುವುದು.

ಹೊಟ್ಟೆಗೇ ನಳಿಕೆ ಹಾಕುವುದೊಂದೇ ದಾರಿ ಎಂದರು ಡಾಕ್ಟರು. ಅವರನ್ನೇ ಕೇಳಿ ಎಂದೆ ನಾನು. ಜನವರಿಯಲ್ಲಿ ಬೇಡ ಎಂದವರು ಅವರೇ ಅಲ್ಲವೇ. ಡಾಕ್ಟರು ಮಂಚದ ಪಕ್ಕ ಕೂತು ಬಿಡಿಸಿ ಹೇಳಿದರು. ಇವರು ಅವರ ಮುಖ ನೋಡಲೇ ಇಲ್ಲ, ನನ್ನ ಮುಖ ನೋಡುತ್ತಿದ್ದರು. ಕಲ್ಲಿನ ಹಾಗೆ ನಿಂತಿರಬೇಕು ಎಂದು ನಾನು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ, ಆಗಲಿಲ್ಲ. ನನ್ನ ಮುಖದಲ್ಲಿ ಏನು ಕಂಡರೋ, ಹೂಂ ಎಂದು ತಲೆಯಾಡಿಸಿದರು. ತಮ್ಮ ಸಲುವಾಗಿ ಒಪ್ಪಿದ್ದಲ್ಲ ತಮ್ಮಾ, ಅದು ನನ್ನ ಸಲುವಾಗಿ. ಆ ಕೆಲಸ ಆಗಿ ಹತ್ತು ದಿನವಾಯಿತು. ಈಗ ಹೊತ್ತು ಹೊತ್ತಿಗೆ ಹಾಲಿನಂಥ ದ್ರವವನ್ನು ನಳಿಕೆಯಲ್ಲಿ ಬಿಡುತ್ತೇನೆ. ಕೆಮ್ಮಿಲ್ಲ, ಜಗಳವಿಲ್ಲ, ಅಳುವಿಲ್ಲ. ಊಟದ ಹೊತ್ತು ಸುಲಭವಾಗಲಿ ಎಂದು ನಾವಿಬ್ಬರೂ ಒದ್ದಾಡಿದ್ದೆವಲ್ಲ, ಆಗಿದೆ ನೋಡು.

ರುಚಿಗೆಂದು ಒಂದೋ ಎರಡೋ ಚಮಚ ಬಾಯಿಗೆ ಕೊಡಬಹುದು ಎಂದು ಮೇಡಂ ಒಪ್ಪಿಗೆ ಕೊಟ್ಟಿದ್ದಾರೆ. ಮೊದಲ ದಿನ ಆಸೆಯಿಂದ ಹಿಸುಕಿದ ಬಾಳೆಹಣ್ಣು ತಂದೆ. ಅವರು ತುಟಿ ಬಿಗಿಹಿಡಿದರು. ಮಾರನೆಯ ದಿನವೂ ಹಾಗೇ. ಅದು ಹಟವೋ, ಹೆದರಿಕೆಯೋ, ಸಾಕು ಎನ್ನುವುದೋ ನನಗೆ ತಿಳಿಯಲಿಲ್ಲ. ಆ ಬಟ್ಟಲನ್ನು ಮತ್ತೆ ಅವರ ಮುಂದೆ ತರಲಿಲ್ಲ.

ನಿನ್ನ ಭಾವನಿಗೆ ನಿನ್ನ ಏಪ್ರಿಲ್ ೨೧ರ ಕಾಗದವನ್ನು ಪೂರ್ತಿ ಓದಿ ಹೇಳಿದ್ದೇನೆ. ಕುರ್ಚಿಯ ವಿಷಯಕ್ಕೆ ಎಡಗೈಯನ್ನು ಹೋಗಲಿ ಎನ್ನುವ ಹಾಗೆ ಬೀಸಿದರು. ಚಮಚದ ವಿಷಯ ಬಂದಾಗ ಮಾತ್ರ ಇನ್ನೊಮ್ಮೆ ಓದು ಎಂದು ಸನ್ನೆ ಮಾಡಿದರು. ಓದಿದೆ. ಅವರ ಕಣ್ಣು ತುಂಬಿತು. ನಿನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಇದನ್ನು ನಿನ್ನ ಸಮಾಧಾನಕ್ಕೆಂದು ಬರೆಯುತ್ತಿಲ್ಲ, ಸಮಾಧಾನಕ್ಕೆಂದು ಬರೆದು ಸಾಕಾಗಿದೆ.

ಇನ್ನು ನಡೆಯುತ್ತಿರುವುದನ್ನು ಹೇಳುತ್ತೇನೆ. ನಳಿಕೆ ಹಾಕಿದ ಮೇಲೆ ಅವರೆದುರು ಊಟ ಮಾಡಲು ನನಗೆ ಮನಸ್ಸು ಒಪ್ಪಲಿಲ್ಲ. ಒಂದು ತುಂಡು ಬ್ರೆಡ್ಡೋ, ಒಂದು ಮೊಟ್ಟೆಯೋ, ಹಿತ್ತಲ ಬಾಗಿಲಲ್ಲಿ ನಿಂತು ಬಾಯಿಗೆ ಹಾಕಿಕೊಂಡು ಬರುತ್ತಿದ್ದೆ. ಬಾಯಿ ಒರೆಸಿಕೊಂಡೇ ಒಳಗೆ ಬರುತ್ತಿದ್ದೆ. ಅವರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಹೋದ ಭಾನುವಾರ ನಾನು ನಳಿಕೆ ತೊಳೆದು ಏಳುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಳೆ ಮೊಣಕೈಯವರೆಗೆ ಸರಿಯುವುದನ್ನು ನೋಡಿದರು. ಬಾಯಿ ಬಹಳ ಹೊತ್ತು ಒದ್ದಾಡಿತು. ಆಮೇಲೆ ಒಂದೊಂದೇ ಅಕ್ಷರವಾಗಿ ಹೊರಗೆ ಬಂತು.

"ಇಲ್ಲೇ ಕೂತು ಊಟ ಮಾಡು."

ಆಗುವುದಿಲ್ಲ ಎಂದೆ. ಕೈ ಬಿಡಲಿಲ್ಲ. ಅನ್ನ ಹಾಕಿಕೊಂಡು ಬಂದು ಅವರ ಮುಂದಿನ ಸ್ಟೂಲಿನ ಮೇಲೆ ಕೂತೆ. ಅಂದಿನಿಂದ ಮೂರು ಹೊತ್ತೂ ಹೀಗೇ. ನಾನು ಪೂರ್ತಿ ಮುಗಿಸುವವರೆಗೆ ಅವರು ಕಣ್ಣು ಕೀಳುವುದಿಲ್ಲ. ನಾನು ಅಗಿದಾಗ ಅವರ ದವಡೆಯೂ ಅಲುಗುತ್ತದೆ. ನಾನು ನುಂಗಿದಾಗ ಅವರ ಗಂಟಲೂ ಮೇಲೇರಿ ಇಳಿಯುತ್ತದೆ. ಅವರಿಗೆ ಅದು ಸುಖವೋ ಸಂಕಟವೋ ನಾನು ಕೇಳಿಲ್ಲ. ನನಗಂತೂ ಊಟ ಸೇರುವುದಿಲ್ಲ, ಆದರೂ ತಟ್ಟೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲ. ಬಿಟ್ಟರೆ ಅವರ ಮುಖ ಬಾಡುತ್ತದೆ.

ಏನು ಮಾಡಲಿ ಎಂದು ನೀನು ಕೇಳಿದ್ದೆ. ನೀನು ಬಂದರೆ ಇಲ್ಲಿ ಯಾರೂ ನಿನ್ನ ಕೈಗೆ ಚಮಚ ಕೊಡುವುದಿಲ್ಲ, ಅದರ ಭಯ ಬೇಡ. ಆದರೆ ಅವರ ಮುಂದೆ ಕೂತು, ಅವರು ನೋಡುತ್ತಿರು­ವಂತೆಯೇ, ಹೊಟ್ಟೆ ತುಂಬ ಊಟ ಮಾಡಬೇಕಾಗುತ್ತದೆ. ನಿನ್ನಿಂದ ಆಗುತ್ತದೆ ಎನಿಸಿದರೆ ಬಾ.

ನಿನ್ನ ಅಕ್ಕ